ಮುನ್ನೂರ ಐವತ್ತು ಗ್ರಾಂ

ಸಿಸಿಮಿಯುತ್ ಬಂದರಿನ ಅಂಗಡಿಯಲ್ಲಿ ಟೋರ್ಬೆನ್
ಕೋವಿಗೆ ಕೂರಿಸುವ ಮೂರು ದುರ್ಬೀನುಗಳನ್ನು
ಸಾಲಾಗಿ ಮಲಗಿಸಿದ, ದಾದಿ ಹಸುಗೂಸುಗಳನ್ನು ಮಲಗಿಸಿದಂತೆ.

ಮೊದಲನೆಯದು ನನ್ನ ಮೊಣಕೈಯಷ್ಟು ದಪ್ಪ.
"ಇದರಲ್ಲಿ ಹಿಮಸಾರಂಗದ ರೆಪ್ಪೆ ಎಣಿಸಬಹುದು" ಎಂದ.
ರೆಪ್ಪೆ ಎಣಿಸಿದ ಮೇಲೆ
ಬೆರಳು ಮಡಿಚೀತೇನೋ, ಟೋರ್ಬೆನ್?

ಜೇಬಿನಿಂದ ಮೀನು ತೂಗುವ ಕೊಕ್ಕೆ ತೆಗೆದು ನೇತುಹಾಕಿದೆ.
ಏಳುನೂರ ಇಪ್ಪತ್ತು.
ನಕ್ಕ: "ಅರ್ಧ ಕಿಲೋ ಹೆಚ್ಚುಕಮ್ಮಿಗೆ ಇಷ್ಟು ಜಗಳವೇ?"

ಅವನು ಕೋಪನ್‌ಹೇಗನ್ನಿನವನು. ಒಳ್ಳೆಯವನು.
ದೋಣಿ ಇಳಿದು ಒಳನಾಡಿಗೆ ಎರಡು ದಿನ ನಡೆದವನಲ್ಲ.
ಹೋಗುವಾಗ ಬೆನ್ನ ಮೇಲೆ ಡೇರೆ, ಚಹಾ, ಒಣಮೀನು,
ಬರುವಾಗ ಎರಡು ತೊಡೆ, ಪಕ್ಕೆ, ನಾಲಿಗೆ,
ಮೇಲೆ ಚೀಲಕ್ಕೆ ತೂರದ ಕೊಂಬು.
ಏಳನೆಯ ಹಳ್ಳ ದಾಟುವ ಹೊತ್ತಿಗೆ
ಒಂದೊಂದು ಗ್ರಾಮಿಗೂ ಬಾಯಿ ಬರುತ್ತದೆ.
ನನ್ನ ಸೋದರಮಾವ ಇನೋಕ್
ಹಲ್ಲುಜ್ಜುವ ಕುಂಚದ ಹಿಡಿಯನ್ನೇ ಕೊಯ್ದು ಎಸೆದಿದ್ದ.

ಎರಡನೆಯದು ಇನ್ನೂರ ತೊಂಬತ್ತು. ಬೆಲೆಯೂ ಸಸ್ತಾ.
ಹಗುರ, ಹಗುರ ಮಾತಿನ ಹಾಗೆ.
ಮುಟ್ಟಲಿಲ್ಲ ನಾನು.

ಮಾವನ ಬಳಿ ಅಂಥದ್ದೇ ಒಂದಿತ್ತು.
ಪಾಚಿಗಲ್ಲಿನ ಮೇಲೆ ಜಾರಿದ, ಕೋವಿ ಬಂಡೆಗೆ ತಾಗಿತು.
ಗೀರಿಲ್ಲ, ಗಾಜು ಸೀಳಿಲ್ಲ,
ಒಳಗಿನ ಕೂಡುಗೆರೆ ನಡುಮಧ್ಯದಲ್ಲೇ ನಿಂತಿತ್ತು, ಸಾಧುವಿನಂತೆ.
ಒಡೆದೇ ಹೋಗಿದ್ದರೆ ಚೆನ್ನಾಗಿತ್ತು.
ಒಡೆದದ್ದು ಸುಳ್ಳು ಹೇಳುವುದಿಲ್ಲ.

ಎದೆಗೆ ಗುರಿ ಇಟ್ಟ, ಹೊಟ್ಟೆಗೆ ಬಿತ್ತು.
ಎರಡು ರಾತ್ರಿ ಹನಿಯ ಬೆನ್ನು ಹತ್ತಿ ನಡೆದೆವು,
ಮೂರನೆಯ ಬೆಳಗು ನಮಗಿಂತ ಮೊದಲು ನರಿಗಳು ತಲುಪಿದ್ದವು.
ಮಾವ ಟೋಪಿ ತೆಗೆದು ಕೂತ. ಚಹಾ ಕಾಯಿಸಲೂ ಬಿಡಲಿಲ್ಲ.
ಆ ದುರ್ಬೀನನ್ನು ಅವನು ಬಿಸಾಡಲಿಲ್ಲ,
ಸಾಯುವವರೆಗೆ ಬಾಗಿಲಿಗೆ ಬೆಣೆ ಮಾಡಿಕೊಂಡಿದ್ದ.

ಮೂರನೆಯದು: ಮುನ್ನೂರ ಐವತ್ತು.
ಆರು ಪಟ್ಟು, ಅಷ್ಟೇ. ಹಿಗ್ಗದು, ಕುಗ್ಗದು.
"ಹಳೇ ಕಾಲದ್ದು" ಅಂದ, ಕ್ಷಮೆ ಕೇಳುವವನಂತೆ.
ಸರಿಬರದಿದ್ದರೆ ವಾಪಸು ಎಂಬ ಮಾತಿನ ಮೇಲೆ ತಂದೆ.

ರಾತ್ರಿ ಅದನ್ನು ಸೀಲ್ ಮಾಂಸದ ಪಕ್ಕ ಫ್ರೀಜರಿನಲ್ಲಿ ಮಲಗಿಸಿದೆ,
ಬೆಳಿಗ್ಗೆ ಕುದಿವ ಕೆಟಲಿನ ಮೂತಿಗೆ ಹಿಡಿದೆ.
ಹೊರಗೆ ಬೆವರಿತು, ಒಳಗೆ ಮಂಜಿಲ್ಲ.
ಕೋವಿಗೆ ಕೂರಿಸಿ ತಿರುಪು ತಿರುಗಿಸಿದೆ,
ಮೇಲೆ ಇಪ್ಪತ್ತು, ಬಲಕ್ಕೆ ಇಪ್ಪತ್ತು, ಮತ್ತೆ ಕೆಳಗೆ, ಎಡಕ್ಕೆ.
ಊರೆಲ್ಲ ಸುತ್ತಿದ ಗುಂಡು ಅದೇ ತೂತಿನ ಮನೆಗೆ ಬಂತು.

ಆಮೇಲೆ ಖಾಲಿ ಕೋವಿಯನ್ನು ಸೊಂಟದೆತ್ತರದಿಂದ
ಬೇಕೆಂದೇ ಕೈಬಿಟ್ಟೆ. ಮೂರು ಸಲ.
"ಅಮ್ಮಾ, ತಲೆ ಕೆಟ್ಟಿದೆಯಾ?" ಆಮಾಲಿಯಾ ಕಿರುಚಿದಳು.
ಹದಿನಾರು ಅವಳಿಗೆ. ಕೋವಿ ಅವಳದು.
"ನೀನು ಬೀಳುತ್ತೀಯ" ಎಂದೆ,
"ನೀನು ಎದ್ದ ಮೇಲೂ ಇದು ನಿಜ ಹೇಳಬೇಕು."
ಅವಳೇ ಹಾರಿಸಿದಳು. ನಾನು ಕಾಗದದ ಹತ್ತಿರ ನಡೆದು ಹೋದೆ.
ನಾಲ್ಕನೆಯ ತೂತು ಹುಡುಕಿದೆ, ಸಿಗಲಿಲ್ಲ,
ಹಳೆಯದೇ ಒಂಚೂರು ಅಗಲವಾಗಿತ್ತು.

ಆಗಸ್ಟಿನಲ್ಲಿ ಅವಳು ಜಾರಿದಳು, ನಿಜಕ್ಕೂ, ಒದ್ದೆ ಕಲ್ಲಿನ ಮೇಲೆ.
ಸಂಜೆ ನೂರು ಹೆಜ್ಜೆ ದೂರದಲ್ಲಿ ಗಂಡು ಸಾರಂಗ.
ಅವಳ ಪಕ್ಕದಲ್ಲಿ ಕವುಚಿ ಮಲಗಿದ್ದ ನನಗೆ
ಅವಳ ಉಸಿರು ಹೊರಗೆ ಹೋದದ್ದು ಕೇಳಿಸಿತು,
ಒಳಗೆ ಬಂದದ್ದು ಕೇಳಿಸಲಿಲ್ಲ.
ಒಂದೇ ಗುಂಡು. ಪ್ರಾಣಿ ಎರಡು ಹೆಜ್ಜೆ ಇಟ್ಟು ಕೂತಿತು.
ಅವಳು ಅತ್ತಳು. ನಾನು ಚಾಕು ಮಸೆದೆ.

ಮೊದಲ ಬೇಟೆಯಲ್ಲಿ ಬೇಟೆಗಾತಿಗೆ ಪಾಲಿಲ್ಲ ನಮ್ಮಲ್ಲಿ,
ಎಲ್ಲ ಹಂಚಬೇಕು. ಮನೆ ಮನೆಗೆ ಹೋದಳು,
ಕೊನೆಗೆ ಅಂಗಡಿಗೂ.
ಟೋರ್ಬೆನ್ ಪೊಟ್ಟಣವನ್ನು ಎರಡು ಕೈಯಲ್ಲೂ ಹಿಡಿದು ನಿಂತ.
"ಎಷ್ಟಿದೆ ಇದು?" ಎಂದ.
ಕೊಕ್ಕೆ ನನ್ನ ಜೇಬಿನಲ್ಲೇ ಇತ್ತು.
ತೆಗೆಯಲಿಲ್ಲ.